ಅಮ್ಮನ ಬೆಳ್ಳಿತಟ್ಟೆ ಚೀನೀ ಹೋಟೆಲಿಗೆ ಹೋದದ್ದು

ಹಿತ್ತಾಳೆಗೆ ಹುಣಸೆಹಣ್ಣು, ಬೆಳ್ಳಿಗೆ ವಿಭೂತಿ. ಎರಡನ್ನೂ ಒಂದೇ ಅಡುಗೆಮನೆಯಲ್ಲಿ ಒಟ್ಟೊಟ್ಟಿಗೆ ಉಜ್ಜಿದರೆ ಒಂದು ವಾಸನೆ ಏಳುತ್ತದೆ. ಅದು ಹುಳಿಯೂ ಹೌದು, ಬೂದಿಯೂ ಹೌದು, ನಾಲಗೆಯ ತುದಿಗೆ ನಾಣ್ಯ ಮುಟ್ಟಿಸಿದಂಥ ಒಗರೂ ಹೌದು. ಆ ವಾಸನೆ ಮೂಗಿಗೆ ಬಡಿದರೆ ಸಾಕು, ಒಮಾನಿನಲ್ಲಿ ನಾನೀಗ ಇರುವ ಅಲ್ ಮಬೇಲಾದ ಮನೆ, ಬೀದಿಯಾಚೆಯ ಗ್ಯಾರೇಜುಗಳ ಠಕಠಕ ಎಲ್ಲ ಮಾಯವಾಗಿ ರೂವಿಯ ಮೂರನೇ ಮಹಡಿಯ ಆ ಪುಟ್ಟ ಅಡುಗೆಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿರುತ್ತೇನೆ. ಕಿಟಕಿಯಾಚೆ ಒಂದು ಹುಲ್ಲುಕಡ್ಡಿಯೂ ಇಲ್ಲದ ಕಂದು ಗುಡ್ಡ. ಒಳಗೆ ಏದುಸಿರು ಬಿಡುವ ಏಸಿ. ನೆಲದ ಮೇಲೆ ಹಳೇ ಪೇಪರು, ಪೇಪರಿನ ಮೇಲೆ ಸಾಲಾಗಿ ಚೊಂಬು, ದೀಪ, ಹರಿವಾಣ, ಪಂಚಪಾತ್ರೆ. ಒಂದು ಬದಿಗೆ ಸೆರಗು ಸಿಕ್ಕಿಸಿಕೊಂಡ ಅಮ್ಮ, ಎದುರಿಗೆ ಹೂವಿನ ಚಿತ್ತಾರದ ಅಂಗಿ ತೊಟ್ಟ ಚೀನಾದ ಲಿನ್ ಆಂಟಿ. ನಡುವೆ ನಾನು, ಹತ್ತು ವರ್ಷದವಳು. ನಿಮಗೂ ಇಂಥದೊಂದು ವಾಸನೆ ಇದ್ದೇ ಇರುತ್ತದೆ, ಮುಚ್ಚಿಹೋದ ಮನೆಯ ಬೀಗವನ್ನು ಅದು ಕ್ಷಣದಲ್ಲಿ ತೆಗೆದುಬಿಡುತ್ತದೆ. ನನ್ನದು ಇದು.

ಅದು ಎಂಬತ್ತರ ದಶಕದ ಕೊನೆ. ಅಪ್ಪನಿಗೆ ರೂವಿಯ ಒಂದು ಕಟ್ಟಡ ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸ. ಮೈಸೂರಿನಿಂದ ಬಂದ ನಮ್ಮ ಮನೆಯಲ್ಲಿ ಅಮ್ಮನ ಮಡಿ ಮಾತ್ರ ವಿಮಾನ ಹತ್ತುವಾಗ ಚೂರೂ ಸವೆಯಲಿಲ್ಲ. ಅವಳು ಹೊರಗೆ ನೀರು ಕುಡಿಯುತ್ತಿರಲಿಲ್ಲ. ಯಾರ ಮನೆಗೆ ಹೋದರೂ ಬಾಳೆಹಣ್ಣು ಸುಲಿದು ತಿಂದು, ತಾನೇ ಒಯ್ದ ಬೆಳ್ಳಿಯ ಲೋಟದಲ್ಲಿ ತನ್ನದೇ ನೀರು ಕುಡಿದು ಬರುತ್ತಿದ್ದಳು. ಕೆಳಗಿನ ಮಲಯಾಳಿ ಅಂಗಡಿಯವನು ಅಮ್ಮ ಬಂದರೆ ಒಣಮೀನಿನ ಡಬ್ಬಿಯನ್ನು ತಾನಾಗಿ ಒಳಗೆ ಸರಿಸುತ್ತಿದ್ದ. ಎದುರಿನ ಟ್ಯಾಕ್ಸಿ ಸ್ಟ್ಯಾಂಡಿನ ಬಲೂಚಿ ಚಾಲಕರಿಗೆ ಅವಳು ‘ಪಂಡಿತಾನಿ.’ ಕನ್ನಡಿಗರ ಮನೆಗಳಲ್ಲಿ ಸತ್ಯನಾರಾಯಣ ಪೂಜೆಯಾದರೆ ನೈವೇದ್ಯಕ್ಕೆ ಅಮ್ಮನೇ ಬೇಕು. ಸಪಾದಭಕ್ಷ್ಯದ ರವೆ ಅಮ್ಮನ ಕೈಯಲ್ಲಿ ಹುರಿಯದಿದ್ದರೆ ದೇವರು ಮುಟ್ಟುವುದಿಲ್ಲ ಎಂದೇ ಎಲ್ಲರ ನಂಬಿಕೆ. ಅಮ್ಮನಿಗೆ ಅದೊಂದು ಹೆಮ್ಮೆ. ಅವಳ ಹೆಸರು ಶಾರದಾ, ಆದರೆ ಪೂಜೆಯ ದಿನ ಅವಳ ನಡಿಗೆ ನೋಡಿದರೆ ರಾಣಿಯೇ ಹೊರಟಂತೆ ಇರುತ್ತಿತ್ತು.

ಇಂಥ ಅಮ್ಮನಿಗೆ ಇನ್ನೊಂದು ಚಟವಿತ್ತು, ಪಾಠ ಹೇಳುವ ಚಟ. ಮದುವೆಗೆ ಮುಂಚೆ ಮೈಸೂರಿನ ಒಂದು ಮಿಡ್ಲ್ ಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ್ದಳು. ಇಲ್ಲಿ ಅವಳ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಹೀಗಾಗಿ ಬಾಯಿ ತುರಿಸುತ್ತಿತ್ತು. ಒಂದು ದಿನ ಮಲಯಾಳಿ ಅಂಗಡಿಯಲ್ಲಿ ಲಿನ್ ಆಂಟಿ ಪಾತ್ರೆ ಉಜ್ಜುವ ಪುಡಿ ಬೇಕೆಂದು ಗಾಳಿಯಲ್ಲಿ ಕೈಯಾಡಿಸುತ್ತಿದ್ದಳು. ಅಂಗಡಿಯವನು ತಲೆಗೆ ಹಚ್ಚುವ ಶಾಂಪೂ ಕೊಟ್ಟ, ಕಾಲಿಗೆ ಹಚ್ಚುವ ಮುಲಾಮು ಕೊಟ್ಟ, ಕೊನೆಗೆ ತನ್ನ ತಲೆಗೇ ಕೈಯಿಟ್ಟುಕೊಂಡ. ಅಮ್ಮ ನೋಡಿದಳು, ತಡೆಯಲಾಗಲಿಲ್ಲ. ಅಲ್ಲಿಯೇ ನಿಂತು ಮೊದಲ ಪಾಠ ಶುರು. ಲಿನ್ ಆಂಟಿಯ ಗಂಡ ಚೆನ್ ನಮ್ಮದೇ ಕಟ್ಟಡದ ಕೆಳಗೆ ಚೀನೀ ಹೋಟೆಲು ನಡೆಸುತ್ತಿದ್ದರು, ಅಡುಗೆಯೂ ಅವರದೇ. ಚೆನ್ ಅಂಕಲ್‌ಗೆ ಇಂಗ್ಲಿಷಿನ ಗಂಧಗಾಳಿ ಇಲ್ಲ. ಹಾಗಾಗಿ ಗಿರಾಕಿಗಳ ಜತೆ, ಹೋಟೆಲಿನ ಪರವಾನಗಿಗೂ ಇವರ ವೀಸಾಕ್ಕೂ ಜಾಮೀನು ನಿಂತ ಒಮಾನಿ ಕಫೀಲನ ಜತೆ ಮಾತಾಡುವ ಭಾರವೆಲ್ಲ ಲಿನ್ ಆಂಟಿಯ ಮೇಲೆ. ಮಧ್ಯಾಹ್ನ ಅಂಗಡಿಗಳೆಲ್ಲ ಬಾಗಿಲು ಹಾಕಿ ರೂವಿ ಮಲಗಿದಾಗ ಅವಳು ಚಪ್ಪಲಿ ಹೊರಗೆ ಬಿಟ್ಟು, ಕೈಕಾಲು ತೊಳೆದುಕೊಂಡು ನಮ್ಮ ಅಡುಗೆಮನೆಗೆ ಬರುತ್ತಿದ್ದಳು. ಕೈಕಾಲು ತೊಳೆಯಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ, ನೋಡಿ ಕಲಿತಳು. ಅಮ್ಮ ಅವಳಿಗೆ ಮನಸ್ಸು ಕೊಟ್ಟದ್ದು ಅದಕ್ಕೇ ಇರಬೇಕು.

ಪಾಠವೆಂದರೆ ಎಂಥ ಪಾಠ! ಪುಸ್ತಕದಲ್ಲಿದ್ದ ರೈತ, ರಾಜ, ರೈಲುಗಾಡಿ ಯಾವುದೂ ಲಿನ್ ಆಂಟಿಯ ತಲೆಗೆ ಹತ್ತಲಿಲ್ಲ. ಇಬ್ಬರಿಗೂ ಚೆನ್ನಾಗಿ ಗೊತ್ತಿದ್ದದ್ದು ಒಂದೇ, ಪಾತ್ರೆ. ಅಮ್ಮ ಪುಸ್ತಕ ಮುಚ್ಚಿ ಪಾತ್ರೆ ಹರವಿದಳು. ಕಿಲುಬು ಹಿಡಿದ ಚೊಂಬನ್ನು ಎತ್ತಿ ಹಿಡಿದು “ಡಲ್” ಅಂದಳು. ಹುಣಸೆಹಣ್ಣು ಹಾಕಿ ಉಜ್ಜಿ ತೊಳೆದು “ಷೈನ್” ಅಂದಳು. ಕಪ್ಪಾದ ಬೆಳ್ಳಿಬಟ್ಟಲಿಗೆ “ಟಾರ್ನಿಶ್ಡ್,” ತುಕ್ಕು ಹಿಡಿದ ತುರಿಮಣೆಗೆ “ರಸ್ಟಿ,” ಎಣ್ಣೆ ಇಳಿದ ದೀಪದ ಕಂಬಕ್ಕೆ “ಸ್ಟೇನ್.” ಒಂದೊಂದು ಶಬ್ದವನ್ನೂ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆಯುವಳು. ಪಕ್ಕದಲ್ಲಿ ಲಿನ್ ಆಂಟಿ ತನ್ನ ಲಿಪಿಯಲ್ಲಿ ಬರೆಯುವಳು, ಪುಟ್ಟ ಪುಟ್ಟ ಮನೆಗಳನ್ನು ಕಟ್ಟಿದಂತೆ ಕಾಣುವ ಅಕ್ಷರಗಳು. ನಾನು ಸುಮ್ಮನಿರುತ್ತೇನೆಯೇ? ಅದರ ಪಕ್ಕದಲ್ಲಿ ಕನ್ನಡದಲ್ಲಿ ‘ಕಿಲುಬು’, ‘ತುಕ್ಕು’, ‘ಮಾಸಲು’ ಅಂತ ದಪ್ಪಕ್ಷರದಲ್ಲಿ ಬರೆಯುತ್ತಿದ್ದೆ. ನಾಲ್ಕು ಗಂಟೆಗೆ ಅಮ್ಮ ಒದ್ದೆಬಟ್ಟೆ ತಂದು ಮೂರು ಭಾಷೆಯನ್ನೂ ಒಂದೇ ಸಲಕ್ಕೆ ಒರೆಸಿಹಾಕುತ್ತಿದ್ದಳು. ನಮ್ಮ ಮನೆಯ ಪಾತ್ರೆಗಳು ಆ ವರ್ಷ ಹೊಳೆದಷ್ಟು ಯಾವತ್ತೂ ಹೊಳೆಯಲಿಲ್ಲ. ಅಪ್ಪ ಕನ್ನಡಿ ಬಿಟ್ಟು ಚೊಂಬು ನೋಡಿಕೊಂಡು ಗಡ್ಡ ಹೆರೆಯುತ್ತೇನೆ ಎಂದು ಛೇಡಿಸುತ್ತಿದ್ದರು.

ಒಂದು ಮಧ್ಯಾಹ್ನ ಪಾತ್ರೆಯ ಶಬ್ದಗಳು ಮುಗಿದುಹೋದವು. ಅಮ್ಮ ಹೊಸ ಹುರುಪಿನಿಂದ, ಇದೇ ಶಬ್ದಗಳನ್ನು ಇಂಗ್ಲಿಷಿನವರು ಮನುಷ್ಯರ ಹೆಸರಿಗೂ ಬಳಸುತ್ತಾರೆ ಎಂದು ವಿವರಿಸಲು ಹೊರಟಳು. ಹೆಸರು ಮಾಸುತ್ತದೆ, ಹೆಸರಿಗೆ ಕಲೆ ತಾಗುತ್ತದೆ, ಒಳ್ಳೆಯ ಹೆಸರು ಹೊಳೆಯುತ್ತದೆ. ಲಿನ್ ಆಂಟಿ ಚೊಂಬನ್ನು ನೋಡಿದಳು, ಅಮ್ಮನನ್ನು ನೋಡಿದಳು, ಏನೂ ತಿಳಿಯಲಿಲ್ಲ. ಮನುಷ್ಯರಿಗೂ ಚೊಂಬಿಗೂ ಏನು ಸಂಬಂಧ? ಅಮ್ಮ ಕದಿಯುವಂತೆ ನಟಿಸಿದಳು, ನಾನು ಪೊಲೀಸಾಗಿ ಹಿಡಿದೆ, ಊರವರಾಗಿ ಮೂಗಿನ ಮೇಲೆ ಬೆರಳಿಟ್ಟುಕೊಂಡೆ. ಆಗ ಲಿನ್ ಆಂಟಿಯ ಕಣ್ಣು ಅರಳಿತು! ಅವಳು ತನ್ನ ಕೆನ್ನೆಗೆ ಪಟಪಟನೆ ತಟ್ಟಿಕೊಂಡು “ಫೇಸ್! ಟೀಚರ್, ಫೇಸ್!” ಎಂದು ಕೂಗಿದಳು. ಅವರಲ್ಲಿ ಮಾನ ಇರುವುದು ಮುಖದಲ್ಲಿ, ಹೋಗುವುದೂ ಮುಖದಿಂದಲೇ. ಅಮ್ಮ ಕುಣಿದಾಡುವುದೊಂದು ಬಾಕಿ. “ನಮ್ಮಲ್ಲೂ ಮುಖಾನೇ ಕಣೇ! ಮುಖಕ್ಕೆ ಮಸಿ ಬಳಿಯೋದು ಅಂತೀವಲ್ಲ!” ಎಂದು ನನಗೆ ಕನ್ನಡದಲ್ಲಿ, ಅವಳಿಗೆ ಇಂಗ್ಲಿಷಿನಲ್ಲಿ, ಖುಷಿಗೆ ಎರಡನ್ನೂ ಬೆರೆಸಿ ಹೇಳಿದಳು. ನಾನು ಓಡಿಹೋಗಿ ಕಾಡಿಗೆ ಡಬ್ಬಿ ತಂದು ನನ್ನ ಮುಖಕ್ಕೇ ಬಳಿದುಕೊಂಡು ತೋರಿಸಿದೆ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ನಗು ಕೇಳಿ ಎದುರುಮನೆಯ ಪದ್ಮಕ್ಕ ಬಾಗಿಲು ತೆಗೆದು ನೋಡಿದರು.

ಪದ್ಮಕ್ಕ ಉಡುಪಿ ಕಡೆಯವರು, ಅಮ್ಮನಿಗಿಂತ ದೊಡ್ಡವರು, ಪೂಜೆಪುನಸ್ಕಾರದ ಏರ್ಪಾಟೆಲ್ಲ ಅವರದೇ. ಮನಸ್ಸು ಒಳ್ಳೆಯದು, ಬಾಯಿ ಮಾತ್ರ ಬಸ್‌ಸ್ಟ್ಯಾಂಡು. ಅಲ್ಲಿಗೆ ಬಂದ ಸುದ್ದಿ ಅರ್ಧ ಗಂಟೆಯೊಳಗೆ ಎಲ್ಲ ದಿಕ್ಕಿಗೂ ಹೊರಡುತ್ತಿತ್ತು. ಆ ಸಂಜೆ ಅವರು ಬಂದು ಕೂತು, ಸ್ವರ ತಗ್ಗಿಸಿ, “ಶಾರದಾ, ನಿಮಗೆ ಗೊತ್ತುಂಟಾ? ಕೆಳಗಿನ ಚೀನಿಯವರ ಹೋಟ್ಲಲ್ಲಿ ಹಂದಿಯ ಕೊಬ್ಬಿನಲ್ಲಿ ಅಡಿಗೆ ಮಾಡ್ತಾರಂತೆ. ನೀವು ಅವಳನ್ನು ಅಡಿಗೆಮನೆಯ ಒಳಗೇ ಕೂರಿಸ್ತೀರಲ್ಲ ಮಾರಾಯ್ತಿ!” ಅಂದರು.

“ನೀವು ಹೋಗಿ ನೋಡಿದ್ರಾ ಪದ್ಮಕ್ಕ?”

“ನಾನು ಯಾಕೆ ನೋಡ್ಲಿಕ್ಕೆ ಹೋಗ್ಲಿ? ಇಡೀ ರೂವಿಯೇ ಹೇಳ್ತಾ ಉಂಟು. ಬೆಂಕಿ ಇಲ್ಲದೆ ಹೊಗೆ ಬರ್ತದಾ?”

ಯಾರು ಹಚ್ಚಿದ ಬೆಂಕಿಯೋ, ಹೊಗೆಯಂತೂ ಬಂತು. ಒಮಾನಿನಲ್ಲಿ ಒಂದು ಹೋಟೆಲನ್ನು ಮುಗಿಸಲು ಇಷ್ಟು ಮಾತು ಸಾಕು. ಮುನಿಸಿಪಾಲಿಟಿಯವರು ಬಂದು ಎಣ್ಣೆಯ ಡಬ್ಬಿ, ಫ್ರಿಜ್ಜು, ಒಲೆಯ ಹಿಂಭಾಗ ಎಲ್ಲ ತಡಕಿ ಏನೂ ಸಿಗದೆ ಹೋದರು. ಆದರೆ ಸಿಗಲಿಲ್ಲ ಎನ್ನುವ ಸುದ್ದಿಗೆ ಕಾಲಿರಲಿಲ್ಲ. ಕೆಂಪು ದೀಪಗಳ ಕೆಳಗೆ ಮೇಜುಗಳು ಖಾಲಿ ಬಿದ್ದವು. ಕಫೀಲ್ ಕೆಟ್ಟವನೇನಲ್ಲ, ಆದರೆ ಪರವಾನಗಿ ಇದ್ದದ್ದು ಅವನ ಹೆಸರಿನಲ್ಲಿ. ಮಸೀದಿಯ ಬಾಗಿಲಲ್ಲಿ ಜನ ಕೇಳುತ್ತಿದ್ದದ್ದು ಅವನನ್ನೇ. ಈ ತಿಂಗಳು ಮುಗಿಯುವುದರೊಳಗೆ ಗಿರಾಕಿಗಳು ಬಂದರೆ ಸರಿ, ಇಲ್ಲವಾದರೆ ಖಲಾಸ್, ವೀಸಾ ರದ್ದು ಮಾಡಿಸಿ ಇಬ್ಬರನ್ನೂ ಊರಿಗೆ ಕಳಿಸುತ್ತೇನೆ ಎಂದುಬಿಟ್ಟ. ಲಿನ್ ಆಂಟಿ ಮರುದಿನ ಪಾಠಕ್ಕೆ ಬಂದವಳು ನೆಲದ ಮೇಲಿದ್ದ ಬೆಳ್ಳಿಬಟ್ಟಲನ್ನು ಕೈಗೆತ್ತಿಕೊಂಡು ತಿರುಗಿಸುತ್ತ ಕೂತಳು. “ಟೀಚರ್, ಪಾಟ್ ಬ್ಲ್ಯಾಕ್, ಐ ವಾಶ್. ನೇಮ್ ಬ್ಲ್ಯಾಕ್, ಹೌ ವಾಶ್?” ಎಂದು ಕೇಳಿದಳು. ಆ ದಿನ ನೆಲದ ಮೇಲೆ ಯಾವ ಭಾಷೆಯಲ್ಲೂ ಏನೂ ಬರೆಯಲಿಲ್ಲ.

ಎರಡು ದಿನ ಅಮ್ಮ ಸಾರಿಗೆ ಉಪ್ಪು ಹಾಕುವುದನ್ನು ಮರೆತಳು. ಮೂರನೆಯ ದಿನ ಸಂಜೆ, ಅಪ್ಪ ಕಾಫಿ ಕುಡಿಯುತ್ತಿದ್ದಾಗ, “ಶುಕ್ರವಾರ ಮಧ್ಯಾಹ್ನ ನಾವು ಕೆಳಗಿನ ಹೋಟ್ಲಲ್ಲಿ ಊಟ ಮಾಡ್ತೀವಿ. ಕಿಟಕಿ ಪಕ್ಕದ ಮೇಜು,” ಅಂದಳು. ಅಪ್ಪನ ಕಾಫಿ ನೆತ್ತಿಗೆ ಹತ್ತಿತು. ನನಗೋ, ಸ್ವರ್ಗಕ್ಕೆ ಮೂರೇ ಗೇಣು! ದಿನವೂ ಶಾಲೆಯಿಂದ ಬರುವಾಗ ಆ ಗಾಜಿಗೆ ಮೂಗು ಒತ್ತಿ ಒಳಗಿನ ಕೆಂಪು ದೀಪ, ಗೋಡೆಯ ಮೇಲಿನ ಡ್ರ್ಯಾಗನ್ನು ನೋಡಿ ನೋಡಿ ಗಾಜಿನ ಮೇಲೆ ನನ್ನ ಮೂಗಿನ ಗುರುತೇ ಬಿದ್ದಿತ್ತು. ಆ ಬಾಗಿಲು ನಮ್ಮ ಮನೆಯವರಿಗೆ ಎಂದಾದರೂ ತೆರೆದೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಅಪ್ಪ ಸುಧಾರಿಸಿಕೊಂಡು, “ಈಚಲಮರದ ಕೆಳಗೆ ಕೂತು ಮಜ್ಜಿಗೆ ಕುಡಿದ್ರೂ ಹೆಂಡ ಅಂತಾರೆ, ಶಾರದಾ. ಅದೂ ಈ ಊರಲ್ಲಿ, ಎಲ್ಲಿ ನೋಡಿದ್ರೂ ಈಚಲದ ಅಣ್ಣತಮ್ಮಂದಿರೇ. ಯೋಚನೆ ಮಾಡಿದ್ದೀಯಾ?” ಅಂದರು.

“ಮಾಡಿದ್ದೀನಿ. ನಾನು ಹೊರಗೆ ನೀರು ಕೂಡ ಮುಟ್ಟಲ್ಲ ಅಂತ ಈ ಬೀದೀಲಿ ಗೊತ್ತಿಲ್ದೋರು ಯಾರಿದ್ದಾರೆ ಹೇಳಿ? ಅಂಥವಳು ಕೂತು ಊಟ ಮಾಡಿದ್ರೆ ಆ ಅಡುಗೆಮನೇಲಿ ಹಂದಿ ಕೊಬ್ಬು ಇದೆ ಅಂತ ಯಾರು ಅಂತಾರೆ ನೋಡೋಣ.”

“ಹಾಗಿದ್ರೆ ನಮ್ಮ ಬಾಣಲೆ, ನಮ್ಮ ಎಣ್ಣೆ ತಗೊಂಡು ಹೋಗೋಣ.”

“ನನ್ನ ಬಾಣಲೇಲಿ ಮಾಡಿಸ್ಕೊಂಡು ತಿಂದ್ರೆ ಅವರ ಅಡುಗೆಮನೆಗೆ ಅದೇನು ಸಾಕ್ಷಿ ರೀ?” ಅಂದಳು ಅಮ್ಮ. ಒಂದೇ ಒಂದು ವಿಷಯದಲ್ಲಿ ಅಮ್ಮ ತನಗೆ ತಾನೇ ರಿಯಾಯಿತಿ ಕೊಟ್ಟುಕೊಂಡಳು. ತಟ್ಟೆ ಮತ್ತು ಲೋಟ ತನ್ನವು, ಬೆಳ್ಳಿಯವು. ಬೆಳ್ಳಿಗೆ ಮೈಲಿಗೆ ಇಲ್ಲ ಎಂದು ನನ್ನ ಅಜ್ಜಿ ಹೇಳುತ್ತಿದ್ದರಂತೆ. ಆ ತಟ್ಟೆ ಅಜ್ಜಿಯೇ ಅಮ್ಮನ ಮದುವೆಯಲ್ಲಿ ಕೊಟ್ಟದ್ದು, ಅಂಚಿನಲ್ಲಿ ಸಣ್ಣ ಬಳ್ಳಿಯ ಕೆತ್ತನೆ, ನಡುವೆ ಏನೂ ಇಲ್ಲದ ಬಯಲು.

ಶುಕ್ರವಾರ ಬೆಳಗ್ಗೆ ಆ ತಟ್ಟೆಗೆ ವಿಭೂತಿ ಹಾಕಿ ಉಜ್ಜಿದ್ದು ಉಜ್ಜಿದ್ದೇ. ಲಿನ್ ಆಂಟಿಗೆ ಅಮ್ಮ ಹಿಂದಿನ ದಿನವೇ ತಿಳಿಸಿ ಹೇಳಿದ್ದಳು. ಮಾಂಸ ಇಲ್ಲ, ಮೀನು ಇಲ್ಲ, ಕೋಳಿ ಇಲ್ಲ, ಸಿಗಡಿ ಇಲ್ಲ. ಲಿನ್ ಆಂಟಿ ಪ್ರತಿಯೊಂದಕ್ಕೂ ತಲೆಯಾಡಿಸಿ, ಕಣ್ಣು ಒರೆಸಿಕೊಂಡು, “ನ್ಯೂ ಪ್ಯಾನ್ ಟೀಚರ್, ನ್ಯೂ ಪ್ಯಾನ್” ಎಂದು ಹೇಳಿ, ಸಂಜೆಗೆ ಸೂಕಿನ ಪೇಟೆಯಿಂದ ಹೊಸ ಬಾಣಲೆ ತಂದಿದ್ದಳು. ಜುಮ್ಮಾ ನಮಾಜು ಮುಗಿದು ಬೀದಿಯಲ್ಲಿ ಜನ ತುಂಬಿದ ಹೊತ್ತಿಗೆ ಸರಿಯಾಗಿ ನಾವು ಮೆಟ್ಟಿಲಿಳಿದೆವು. ಮುಂದೆ ಗದ್ವಾಲ್ ಸೀರೆಯುಟ್ಟು ಅಮ್ಮ, ಅವಳ ಕೈಯಲ್ಲಿ ಬಿಳಿ ಟವೆಲಿನಲ್ಲಿ ಸುತ್ತಿದ ತಟ್ಟೆ. ಹಿಂದೆ ಲೋಟ ಹಿಡಿದ ನಾನು, ನನ್ನ ಹಿಂದೆ ತಲೆ ತಗ್ಗಿಸಿದ ಅಪ್ಪ. ಅರಬ್ಬೀ ಅಂಗಡಿಗಳ ಬಾಗಿಲಲ್ಲಿ ಲೋಬಾನದ ಹೊಗೆ. ಮಲಯಾಳಿ ಅಂಗಡಿಯವನು ಕೈಯಲ್ಲಿದ್ದ ತಕ್ಕಡಿಯನ್ನು ಹಾಗೇ ಹಿಡಿದು ನಿಂತ. ಪದ್ಮಕ್ಕನ ಕಿಟಕಿಯ ಪರದೆ ಅಲ್ಲಾಡಿತು. ನನಗೆ ಓಡಬೇಕು, ಹಾರಬೇಕು, ಕಿರುಚಬೇಕು ಅನ್ನಿಸುತ್ತಿತ್ತು!

ಒಳಗಿನ ತಂಪು, ಶುಂಠಿಯ ವಾಸನೆ, ಕೆಂಪು ಮೇಜುಬಟ್ಟೆ, ಡ್ರ್ಯಾಗನ್ನಿನ ಗಾಜಿನ ಕಣ್ಣು, ಯಾವುದನ್ನು ನೋಡಲಿ ಯಾವುದನ್ನು ಬಿಡಲಿ! ಅಮ್ಮ ಟವೆಲು ಬಿಚ್ಚಿ ತಟ್ಟೆಯನ್ನು ಕಿಟಕಿಯ ಪಕ್ಕದಲ್ಲಿಟ್ಟಳು. ಬಿಸಿಲು ಅದರ ಮೇಲೆ ಬಿದ್ದು ಚಾವಣಿಯಲ್ಲೊಂದು ದುಂಡು ಬೆಳಕು ಕುಣಿಯಿತು. ಬಿಳಿ ಟೋಪಿ ಹಾಕಿಕೊಂಡ ಚೆನ್ ಅಂಕಲ್ ತಾವೇ ಬಟ್ಟಲು ಹಿಡಿದು ಬಂದು, ಎರಡೂ ಕೈಯಿಂದ ಬಡಿಸಿ, ಬಾಗಿ ನಿಂತರು. ಹಬೆಯಾಡುವ ಅನ್ನ, ಬಟಾಣಿ, ಸಣ್ಣಗೆ ಹೆಚ್ಚಿದ ಕ್ಯಾರೆಟ್ಟು, ಹಸಿರು ಈರುಳ್ಳಿಯ ಎಲೆ. ಅಮ್ಮ ಕಣ್ಣು ಮುಚ್ಚಿ ಏನೋ ಹೇಳಿಕೊಂಡು, ನೀರು ಸುತ್ತಿ, ಕೈಯಿಟ್ಟಳು. ಮೊದಲ ತುತ್ತು ಹೋಯಿತು. ಎರಡನೆಯದನ್ನು ಕಲಸುವಾಗ ಅವಳ ಬೆರಳು ನಿಂತಿತು.

ಅನ್ನದ ನಡುವೆ ಹಳದಿ ಚೂರುಗಳು, ಮೃದುವಾದವು, ಎಳೆಎಳೆಯಾದವು. ನನಗೆ ಗೊತ್ತು ಅದೇನೆಂದು. ಶಾಲೆಯಲ್ಲಿ ನನ್ನ ಬೆಂಚಿನ ಗೆಳತಿಯ ಡಬ್ಬಿಯಲ್ಲಿ ಅದರ ವಾಸನೆ ದಿನವೂ ಬರುತ್ತಿತ್ತು. ಮೊಟ್ಟೆ! ಅಮ್ಮ ಎಲ್ಲವನ್ನೂ ಹೇಳಿದ್ದಳು, ಅದೊಂದನ್ನು ಬಿಟ್ಟು. ಯಾಕೆಂದರೆ ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಯಲ್ಲೂ ಆಡುತ್ತಿರಲಿಲ್ಲ. ನನಗೆ ಅಕ್ಷರ ಕಲಿಸುವಾಗಲೂ ಅಮ್ಮ ಇ ಅಂದರೆ ಎಲಿಫೆಂಟ್ ಎಂದೇ ಕಲಿಸಿದವಳು. ಅವಳ ಎಣಿಕೆಯಲ್ಲಿ ಅದು ಕೋಳಿಯ ಜತೆಗೇ ಹೋಯಿತು. ಚೆನ್ ಅಂಕಲ್‌ನ ಎಣಿಕೆಯಲ್ಲಿ ಮಾಂಸವಿಲ್ಲದ ಬರಿಯ ಅನ್ನವನ್ನು ಗುರುಗಳಿಗೆ ಬಡಿಸುವುದು ಮರ್ಯಾದೆಯಲ್ಲ, ಮೊಟ್ಟೆಯನ್ನಾದರೂ ಹಾಕಬೇಕು. ಇಬ್ಬರೂ ತಮ್ಮ ತಮ್ಮ ಪ್ರಕಾರ ಸರಿಯೇ. ನಾನು “ಅಮ್ಮಾ, ಅದು” ಎಂದು ಬಾಯಿ ತೆರೆದೆ. ಮೇಜಿನ ಕೆಳಗೆ ಅಮ್ಮನ ಪಾದ ನನ್ನ ಪಾದವನ್ನು ಬಲವಾಗಿ ಅದುಮಿತು. ಅಪ್ಪ ತಮಗೂ ನನಗೂ ಊಟ ಬೇಡವೆಂದು ಮೆನುವಿನ ಹಿಂದೆ ಮುಖ ಮುಚ್ಚಿಕೊಂಡಿದ್ದರು, ಅವರಿಗೆ ಏನೂ ಕಾಣಲಿಲ್ಲ.

ಗಾಜಿನಾಚೆ ಏಳೆಂಟು ಜನ ನಿಂತಿದ್ದರು. ಟ್ಯಾಕ್ಸಿ ಸ್ಟ್ಯಾಂಡಿನ ಹಿರಿಯ ಬಲೂಚಿ ಚಾಲಕ ಅರ್ಧ ಬಾಗಿಲು ತಳ್ಳಿ, ಒಳಗೆ ಕಾಲಿಡದೆ, “ಪಂಡಿತಾನಿಜೀ, ಖಾನಾ ಠೀಕ್ ಹೈ?” ಎಂದು ಕೇಳಿದ. ಅಡುಗೆಮನೆಯ ಬಾಗಿಲಲ್ಲಿ ಲಿನ್ ಆಂಟಿ ಏಪ್ರನ್ನಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಅಮ್ಮ ತಟ್ಟೆ ಸರಿಸಿದರೆ ಅವರು ಊರಿಗೆ ಹೋಗಬೇಕು. ಸರಿಸದಿದ್ದರೆ ಹುಟ್ಟಿದಂದಿನಿಂದ ಕಾಪಾಡಿಕೊಂಡು ಬಂದದ್ದು ಹೋಗುತ್ತದೆ. ಹತ್ತು ವರ್ಷದ ನನಗೂ ಅದು ತಿಳಿಯಿತು. ಅಮ್ಮ ಆ ತುತ್ತನ್ನು ಎತ್ತಿದಳು, ಬಾಯಿಗಿಟ್ಟಳು, ನಿಧಾನವಾಗಿ ಅಗಿದು ನುಂಗಿದಳು. ಆಮೇಲೆ ತನ್ನ ಹರಕುಮುರುಕು ಹಿಂದಿಯಲ್ಲಿ, ಬೀದಿಗೆಲ್ಲ ಕೇಳುವಂತೆ, “ಬಹುತ್ ಅಚ್ಛಾ ಹೈ. ಸಬ್ ಸಾಫ್ ಹೈ. ಆವೋ, ಬೈಠೋ!” ಅಂದಳು.

ಚಾಲಕ ಬಂದು ಕೂತ. ಅವನ ಹಿಂದೆ ಇನ್ನಿಬ್ಬರು. ಅವರ ಹಿಂದೆ ಹಣ ಬದಲಿಸುವ ಎಕ್ಸ್‌ಚೇಂಜಿನ ಗುಮಾಸ್ತರು. ನಾವು ಎದ್ದು ಹೊರಡುವಾಗ ಕಫೀಲನೇ ಬಿಳಿ ದಿಶ್‌ದಾಶಾ ನಿಲುವಂಗಿ ತೊಟ್ಟು ಬಾಗಿಲಲ್ಲಿ ನಿಂತು ಒಳಗಿನ ಗದ್ದಲವನ್ನು ನೋಡುತ್ತಿದ್ದ. ಅಮ್ಮನನ್ನು ಕಂಡು ಎದೆಗೆ ಕೈಯಿಟ್ಟು ಬದಿಗೆ ಸರಿದ. ಅಮ್ಮ ತಟ್ಟೆಯಲ್ಲಿ ಒಂದು ಅಗುಳನ್ನೂ ಉಳಿಸಿರಲಿಲ್ಲ. ಲಿನ್ ಆಂಟಿ ತೊಳೆದುಕೊಡುತ್ತೇನೆಂದರೂ ಕೊಡದೆ, ಎಂಜಲು ತಟ್ಟೆಯನ್ನು ಹಾಗೇ ಟವೆಲಿನಲ್ಲಿ ಸುತ್ತಿಕೊಂಡಳು. ಮನೆಯಲ್ಲಿ ಆ ಮಧ್ಯಾಹ್ನವೆಲ್ಲ ಬಂದವರು ಹೋದವರು, ಕೇಳಿದವರು, ಬಾಯಿ ಬಡಿದುಕೊಂಡವರು. ಸಂಜೆ ಅಮ್ಮ ಸ್ನಾನ ಮಾಡಿ, ಒದ್ದೆಕೂದಲಲ್ಲೇ ದೇವರ ಮುಂದೆ ಬಹಳ ಹೊತ್ತು ಕೂತಳು. ಮರುದಿನವಿಡೀ ಉಪವಾಸ. ನನಗೆ ಒಂದೇ ಮಾತು ಹೇಳಿದಳು: “ನೋಡು ಪುಟ್ಟಿ, ಅಪ್ಪನಿಗೂ ಹೇಳೋದು ಬೇಡ.” ನಾನು ಗೋಣಾಡಿಸಿದೆ. ಇಷ್ಟು ವರ್ಷ ಅದನ್ನು ಉಳಿಸಿಕೊಂಡೆ. ಈಗ ಇಬ್ಬರೂ ಇಲ್ಲ, ನಿಮಗೆ ಹೇಳುತ್ತಿದ್ದೇನೆ.

ಟವೆಲು ಬಿಚ್ಚಿದಾಗ ತಟ್ಟೆಯ ನಡುವೆ ಅಂಗೈಯಗಲದ ಕಪ್ಪುಕಂದು ಕಲೆ ಬಿದ್ದಿತ್ತು. ಮೊಟ್ಟೆ ತಾಗಿದರೆ ಬೆಳ್ಳಿ ಕಪ್ಪಾಗುತ್ತದೆಂದು ನಮ್ಮ ಮನೆಯಲ್ಲಿ ಯಾರಿಗೆ ಗೊತ್ತಿರಬೇಕು! ಅಮ್ಮ ತೊಳೆದಳು, ಹೋಗಲಿಲ್ಲ. ವಿಭೂತಿ ತೆಗೆದುಕೊಳ್ಳಲು ಕೈ ಚಾಚಿದಳು, ಯಾಕೋ ಏನೋ, ಆಮೇಲೆ ಉಜ್ಜಿದರಾಯಿತೆಂದು ಗೋಡೆಗೆ ಒರಗಿಸಿಟ್ಟಳು.

ಅದನ್ನು ಮೊದಲು ನೋಡಿದವಳು ಲಿನ್ ಆಂಟಿ. ವಾರವೆಲ್ಲ ಹೋಟೆಲು ತುಂಬಿ ತುಳುಕಿ, ಪಾಠಕ್ಕೆ ಬಿಡುವಾದದ್ದೇ ಬುಧವಾರ. ಕಿತ್ತಳೆಹಣ್ಣಿನ ಚೀಲ ಹಿಡಿದು ನಗುನಗುತ್ತ ಬಂದವಳು ಗೋಡೆಗೆ ಒರಗಿದ್ದ ತಟ್ಟೆಯ ಮುಂದೆ ನಿಂತುಬಿಟ್ಟಳು. ನಗು ಇಳಿಯಿತು. “ಎಗ್,” ಅಂದಳು, ನಮ್ಮ ಮನೆಯಲ್ಲಿ ಆ ಶಬ್ದ ಮೊದಲ ಸಲ ಕೇಳಿಸಿದ್ದು ಆಗಲೇ. “ಟೀಚರ್, ಎಗ್ ನೋ? ಯು ನೋ ಈಟ್ ಎಗ್?” ಅಮ್ಮ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ, ಸುಮ್ಮನೆ ನೆಲ ನೋಡಿದಳು. ಲಿನ್ ಆಂಟಿ ಕುಸಿದು ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅವಳ ಭುಜ ಅಲುಗುತ್ತಿತ್ತು. ಅಮ್ಮ ಅವಳ ಕೈಗಳನ್ನು ಮುಖದಿಂದ ಬಿಡಿಸಿ, ತನ್ನ ಸೆರಗಿನಿಂದ ಕಣ್ಣು ಒರೆಸಿ, “ಡೋಂಟ್ ಟೆಲ್ ಚೆನ್. ಪಾಪ, ಪ್ರೀತಿಯಿಂದ ಹಾಕಿದ್ದು,” ಅಂದಳು. ಕೊನೆಯದನ್ನು ಕನ್ನಡದಲ್ಲೇ ಹೇಳಿದಳು. ಲಿನ್ ಆಂಟಿಗೆ ಅದು ಅರ್ಥವಾದಂತೆ ಕಂಡಿತು.

ಅಳು ನಿಂತ ಮೇಲೆ ಅವಳು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಕಲೆಯ ಮೇಲೆ ಬೆರಳಾಡಿಸುತ್ತ, ಇದ್ದಬದ್ದ ಇಂಗ್ಲಿಷನ್ನೆಲ್ಲ ಒಟ್ಟುಮಾಡಿ, ತನ್ನ ಊರಿನ ಒಂದು ರೂಢಿ ಹೇಳಿದಳು. “ಬೇಬಿ ಹಾಟ್. ಮದರ್ ಟೇಕ್ ಹಾಟ್ ಎಗ್, ಸಿಲ್ವರ್, ಕ್ಲಾತ್.” ಮಗುವಿಗೆ ಜ್ವರ ಬಂದರೆ ಬೇಯಿಸಿದ ಮೊಟ್ಟೆಯನ್ನೂ ಒಂದು ಬೆಳ್ಳಿಯ ಉಂಗುರವನ್ನೂ ಬಟ್ಟೆಯಲ್ಲಿ ಕಟ್ಟಿ ಹಣೆಯ ಮೇಲೆ, ಬೆನ್ನಿನ ಮೇಲೆ ಉರುಳಿಸುತ್ತಾರಂತೆ. ಅವಳು ನನ್ನನ್ನು ಹತ್ತಿರ ಎಳೆದು ನನ್ನ ಹಣೆಯ ಮೇಲೆ ಮುಷ್ಟಿ ಉರುಳಿಸಿ ತೋರಿಸಿದಳು. ಆಮೇಲೆ ಬಟ್ಟೆ ಬಿಚ್ಚಿ ನೋಡುವುದು. “ಸಿಲ್ವರ್ ಬ್ಲ್ಯಾಕ್, ಮದರ್ ಹ್ಯಾಪಿ. ಫೀವರ್ ಕಮ್ ಔಟ್. ಸಿಲ್ವರ್ ಟೇಕ್.” ಬೆಳ್ಳಿ ಕಪ್ಪಾದಷ್ಟೂ ಮಗುವಿನ ಒಳಗಿದ್ದ ಕಾಯಿಲೆ ಹೊರಗೆ ಬಂತೆಂದು ಲೆಕ್ಕ. ಅವಳು ತಟ್ಟೆಯ ಕಡೆ ತೋರಿಸಿದಳು, ಕೆಳಗಿನ ಹೋಟೆಲಿನ ಕಡೆ ತೋರಿಸಿದಳು, ಮತ್ತೆ ತಟ್ಟೆಯ ಕಡೆ ತೋರಿಸಿದಳು. ಆಮೇಲೆ ಅಮ್ಮನ ಪಾದ ಮುಟ್ಟಿದಳು. ಅದನ್ನೂ ನಮ್ಮ ಮನೆಯಲ್ಲೇ ನೋಡಿ ಕಲಿತಿದ್ದಳು.

ಅಮ್ಮ ಆ ತಟ್ಟೆಯನ್ನು ಉಜ್ಜಲಿಲ್ಲ. ಅಂದಿಗೂ ಇಲ್ಲ, ಆಮೇಲೂ ಇಲ್ಲ. ಉಳಿದ ಪಾತ್ರೆಗಳೆಲ್ಲ ಪ್ರತಿ ವಾರ ಹುಣಸೆಹಣ್ಣು, ವಿಭೂತಿ ಕಂಡವು, ತಟ್ಟೆ ಮಾತ್ರ ಹಳೇ ಪಂಚೆಯಲ್ಲಿ ಸುತ್ತಿಕೊಂಡು ಬೀರುವಿನ ಕೆಳಗಿನ ಅರೆ ಸೇರಿತು. ನೈವೇದ್ಯಕ್ಕೆ ಅಮ್ಮನನ್ನು ಮತ್ತೆ ಯಾರೂ ಕರೆಯಲಿಲ್ಲ. ಮುಂದಿನ ಪೂಜೆಗೆ ಪದ್ಮಕ್ಕನೇ ಬಂದು, ಕಣ್ಣು ತಪ್ಪಿಸುತ್ತ, “ಈ ಸಲ ನಾನೇ ಮಾಡ್ತೇನೆ ಆಯ್ತಾ, ನಿಮಗೆ ಯಾಕೆ ಸುಮ್ಮನೆ ತೊಂದರೆ,” ಎಂದು ಹೇಳಿಹೋದರು. “ಒಳ್ಳೇದಾಯ್ತು ಬಿಡಿ, ರವೆ ಹುರಿದು ಹುರಿದು ತೋಳು ಬಿದ್ದುಹೋಗಿತ್ತು,” ಎಂದು ಅಮ್ಮ ನಕ್ಕಳು. ಪೂಜೆಯ ದಿನ ಹಿಂದಿನ ಸಾಲಿನಲ್ಲಿ ಕೂತು, ಬೇರೆಯವರು ಮಾಡಿದ ಸಪಾದವನ್ನು ಕಣ್ಣಿಗೊತ್ತಿಕೊಂಡು ತಿಂದಳು. ನನಗೆ ತಡೆಯಲಾರದಷ್ಟು ದುಃಖವಾಯಿತು. ಹಾಗೆಂದು ಪದ್ಮಕ್ಕನ ಮೇಲೆ ನನಗೆ ಈಗ ಸಿಟ್ಟಿಲ್ಲ. ಮುಂದಿನ ವರ್ಷ ಅವರ ಮೊಮ್ಮಕ್ಕಳು ಬಂದಾಗ ಅವರೇ ಕರೆದುಕೊಂಡು ಹೋಗಿ ಆ ಹೋಟೆಲಿನ ನೂಡಲ್ಸ್ ತಿನ್ನಿಸಿ, “ಹಾಳಾದ್ದು, ರುಚಿ ಉಂಟು ಮಾರಾಯ್ತಿ,” ಎಂದು ಅಮ್ಮನಿಗೇ ಬಂದು ವರದಿ ಒಪ್ಪಿಸಿದರು.

ಲಿನ್ ಆಂಟಿ, ಚೆನ್ ಅಂಕಲ್ ತೊಂಬತ್ತರ ದಶಕದ ನಡುವಿನವರೆಗೂ ಅಲ್ಲಿದ್ದರು. ಆಮೇಲೆ ಅವರ ಮಗ ಓದುತ್ತಿದ್ದ ಊರಿಗೆ ಹೊರಟರು. ಹೊರಡುವ ದಿನ ಲಿನ್ ಆಂಟಿ ಇಂಗ್ಲಿಷಿನಲ್ಲಿ ನಿರರ್ಗಳವಾಗಿ ಏನೇನೋ ಹೇಳಿದಳು, ಅಮ್ಮ ಕನ್ನಡದಲ್ಲಿ ಉತ್ತರ ಕೊಟ್ಟಳು, ಇಬ್ಬರೂ ತಬ್ಬಿಕೊಂಡು ಅತ್ತರು. ಹೋಟೆಲಿದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ನಾವಿದ್ದ ಮಹಡಿಯಲ್ಲಿ ಯಾವುದೋ ಕಾರ್ಗೋ ಆಫೀಸು. ಕಳೆದ ತಿಂಗಳು ರೂವಿಗೆ ಹೋದಾಗ ಆ ಗಾಜಿಗೆ ಮೂಗು ಒತ್ತಿ ನಿಂತೆ, ನಲವತ್ತು ದಾಟಿದ ಹೆಂಗಸು! ಒಳಗಿದ್ದ ಹುಡುಗ ಕವರು ಬೇಕೇ, ಚಾರ್ಜರು ಬೇಕೇ ಎಂದು ಕೇಳಿದ.

ತಟ್ಟೆ ಈಗ ನನ್ನ ಹತ್ತಿರ ಇದೆ. ಅಮ್ಮ ಹೋದ ಮೇಲೆ ಮೈಸೂರಿನಿಂದ ನಾನು ತಂದದ್ದು ಅದೊಂದನ್ನೇ. ಇವತ್ತು ಬೆಳಗ್ಗೆ ಹಬ್ಬಕ್ಕೆಂದು ಪಾತ್ರೆಗಳನ್ನು ಉಜ್ಜುತ್ತ ಪಂಚೆ ಬಿಚ್ಚಿದೆ. ಇಷ್ಟು ವರ್ಷಗಳ ಗಾಳಿಗೆ ತಟ್ಟೆಯೆಲ್ಲ ಒಂದೇ ಸಮನೆ ಕಪ್ಪಾಗಿಹೋಗಿದೆ, ಅಂಚಿನ ಬಳ್ಳಿಯೂ ಕಪ್ಪು, ನಡುವಿನ ಬಯಲೂ ಕಪ್ಪು. ಆ ಶುಕ್ರವಾರದ ಕಲೆ ಎಲ್ಲಿ ಮುಗಿಯಿತು, ಉಳಿದದ್ದು ಎಲ್ಲಿ ಶುರುವಾಯಿತು ಎಂದು ಬೆಳಕಿಗೆ ಹಿಡಿದು ಹುಡುಕಿದೆ. ಕಾಣಲಿಲ್ಲ. ಕೈಯಲ್ಲಿ ವಿಭೂತಿ ಇತ್ತು, ಎರಡು ಉಜ್ಜು ಉಜ್ಜಿದ್ದರೆ ಅಜ್ಜಿ ಕೊಟ್ಟ ಬೆಳ್ಳಿ ಫಳಫಳ ಹೊಳೆಯುತ್ತಿತ್ತು. ಕೈ ತೊಳೆದುಕೊಂಡು ತಟ್ಟೆಯನ್ನು ಮತ್ತೆ ಪಂಚೆಯಲ್ಲಿ ಸುತ್ತಿ, ಬೀರುವಿನ ಕೆಳಗಿನ ಅರೆಯಲ್ಲಿಟ್ಟು, ಹೊಳೆಯಬೇಕಾದ ಉಳಿದ ಪಾತ್ರೆಗಳ ಮುಂದೆ ಬಂದು ಕೂತೆ.